ಸುಣ್ಣಕಲ್ಲಿನ ಗುಡ್ಡದ ಮೇಲೆ ಕಾಶಿರಾಜನ ಬಾವಿ

ಇಂಗ್ಲೆಂಡಿನ ಚಳಿಗಾಲ ಅಂದರೆ ಹೀಟರ್ ಪಕ್ಕ ಕೂತು ಕಳೆಯುವ ಕಾಲ ಅಂದುಕೊಂಡವರೇ ಜಾಸ್ತಿ. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರೆಲ್ಲ ಜೂನ್, ಜುಲೈಗೇ ಟಿಕೆಟ್ ಹುಡುಕುತ್ತಾರೆ. ನನ್ನನ್ನು ಕೇಳಿದರೆ ಚಿಲ್ಟರ್ನ್ ಗುಡ್ಡಗಳನ್ನು ನೋಡುವುದಕ್ಕೆ ಜನವರಿ, ಫೆಬ್ರವರಿಯೇ ಸರಿ. ಬೀಚ್ ಮರಗಳ ಎಲೆ ಪೂರ್ತಿ ಉದುರಿರುತ್ತದೆ. ಬೇಸಿಗೆಯಲ್ಲಿ ಹಸಿರಿನ ಹಿಂದೆ ಮುಚ್ಚಿಹೋಗಿದ್ದ ಕಣಿವೆ, ಚರ್ಚು, ಕೆಂಪು ಹೆಂಚಿನ ಮನೆ ಎಲ್ಲ ಕೊಂಬೆಗಳ ಸಂದಿಯಲ್ಲಿ ಕಾಣುತ್ತವೆ. ನಾವಿರುವ ರೆಡಿಂಗ್ ಊರಿನಿಂದ ಕಾರಿನಲ್ಲಿ ಅರ್ಧ, ಮುಕ್ಕಾಲು ಗಂಟೆ ಅಷ್ಟೆ.

ಗುಡ್ಡ ಅಂದರೆ ನಮ್ಮ ಮಲೆನಾಡಿನ ಎತ್ತರ ಊಹಿಸಿಕೊಳ್ಳಬೇಡಿ. ಹೆಚ್ಚೆಂದರೆ ಇನ್ನೂರರವತ್ತೇಳು ಮೀಟರ್. ಡೋವರ್‌ನ ಬಿಳಿ ಬಂಡೆಗಳು ಯಾವುದರಿಂದ ಆಗಿವೆಯೋ ಇವೂ ಅದರಿಂದಲೇ ಆದವು. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು ಕೂತು ಕೂತು ಗಟ್ಟಿಯಾದ ಮೆತ್ತನೆ ಸುಣ್ಣಕಲ್ಲು. ಇದರ ಗುಣವೇ ಬೇರೆ. ಎಷ್ಟು ಮಳೆ ಬಿದ್ದರೂ ಕುಡಿದುಬಿಡುತ್ತದೆ. ಗುಡ್ಡದ ಮೇಲೆ ಹಳ್ಳವಿಲ್ಲ, ತೊರೆಯಿಲ್ಲ. ಕಣಿವೆಗಳೂ ಹೆಚ್ಚಿನವು ಒಣ ಕಣಿವೆಗಳೇ. ಒಳಗೆ ಇಳಿದ ನೀರು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಹಳೆಯ ಊರುಗಳು ಬುಡದುದ್ದಕ್ಕೂ ಸಾಲಾಗಿ ಕೂತಿರುವುದು ಅದಕ್ಕೇ.

ಯೂಎಲ್ಮ್ ಅಂಥದ್ದೊಂದು ಊರು. ಜನವರಿ ಕೊನೆಯಲ್ಲಿ ಕೋಲಾರದಿಂದ ಬಂದಿದ್ದ ನಮ್ಮ ಮಾವನವರನ್ನು ಕರೆದುಕೊಂಡು ಅಲ್ಲಿಂದಲೇ ಹೊರಟೆವು. ಊರ ನಡುವಿನ ತೊರೆ ಹುಟ್ಟುವುದು ಒರತೆಯಿಂದ. ನೆಲದೊಳಗಿನಿಂದ ಬರುವ ನೀರು ಚಳಿಗೂ ಹೆಪ್ಪುಗಟ್ಟುವುದಿಲ್ಲ. ಈ ನೀರಿನಲ್ಲಿ ಹಿಂದೆ ವಾಟರ್‌ಕ್ರೆಸ್ ಸೊಪ್ಪು ಬೆಳೆದು ಮಾರುತ್ತಿದ್ದರು. ಆ ಪಾತಿಗಳು ಇನ್ನೂ ಇವೆ.

ಚರ್ಚಿನ ಪಕ್ಕ 1437ರಲ್ಲಿ ಹದಿಮೂರು ಬಡವರಿಗೆಂದು ಶುರುಮಾಡಿದ ಇಟ್ಟಿಗೆ ಮನೆಗಳಿವೆ, ನಡುವೆ ಅಂಗಳ. ಈಗಲೂ ಜನ ವಾಸ ಮಾಡುತ್ತಾರೆ. ಅದನ್ನು ಕಟ್ಟಿಸಿದ ದಂಪತಿಯಲ್ಲಿ ಹೆಂಡತಿ ಆಲಿಸ್, ಕವಿ ಚಾಸರ್‌ನ ಮೊಮ್ಮಗಳು. ಆಕೆಯ ಸಮಾಧಿ ಚರ್ಚಿನೊಳಗಿದೆ. ಮೇಲೆ ನುಣುಪಾದ ಅಲಬಾಸ್ಟರ್ ಕಲ್ಲಿನಲ್ಲಿ ಕಿರೀಟ ತೊಟ್ಟು ಮಲಗಿದ ರಾಣಿಯಂಥ ಹೆಂಗಸು. ಕೆಳಗೆ ಕಲ್ಲಿನ ಜಾಲಂಧ್ರದೊಳಗೆ ಅವಳದೇ ಸತ್ತ ದೇಹ: ಎಲುಬು, ಒಣಗಿದ ಚರ್ಮ, ಹಿಂದಕ್ಕೆ ವಾಲಿದ ತಲೆ. ಆ ಹೆಣದ ಮೂರ್ತಿಯ ಮೇಲಿನ ಚಾವಣಿಯಲ್ಲಿ ಬಣ್ಣದ ಚಿತ್ರ ಇದೆ. ಅದನ್ನು ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗಬೇಕು. ನಾನು ಮಲಗಿದೆ. ನೆಲ ಐಸ್‌ನಂತಿತ್ತು, ಆದರೂ ಬಿಡಬಾರದು.

ಅಲ್ಲಿಂದ ಹೊಲಗಳ ನಡುವೆ ಏರುಹಾದಿ. ಗೋಧಿ ಪೈರು ಬೆರಳುದ್ದ ಬಂದಿತ್ತು. ಕಾಲುದಾರಿ ಪೈರಿನ ಮಧ್ಯೆಯೇ ನೇರವಾಗಿ ಹೋಗುತ್ತದೆ. ಮಾವನವರು ಅಂಚಿನಲ್ಲೇ ನಿಂತುಬಿಟ್ಟರು. "ಬೆಳೆ ತುಳ್ಕೊಂಡು ಹೋಗೋದಾ? ಯಾರಾದ್ರೂ ದೊಣ್ಣೆ ತಗೊಂಡು ಬಂದ್ರೆ?" ಇಲ್ಲಿ ಅದು ಜನರ ಹಕ್ಕಿನ ದಾರಿ, ಉಳುಮೆ ಮಾಡಿದ ಮೇಲೆ ದಾರಿಯನ್ನು ಮತ್ತೆ ಸರಿ ಮಾಡಿಕೊಡುವುದು ರೈತನ ಜವಾಬ್ದಾರಿ ಅಂತ ಹೇಳಿದೆ. ನಂಬಲಿಲ್ಲ. ಒಂದೊಂದೇ ಹೆಜ್ಜೆ ನೋಡಿಕೊಂಡು ಇಟ್ಟರು.

ಸ್ವಿನ್‌ಕೂಮ್ ಹತ್ತಿರ ರಿಜ್‌ವೇ ಸಿಗುತ್ತದೆ. 139 ಕಿಲೋಮೀಟರ್ ಉದ್ದದ ದಾರಿ, ಕಂಬಗಳ ಮೇಲೆ ಓಕ್ ಕಾಯಿಯ ಗುರುತು. ಅದರ ಕೆಲವು ಭಾಗಗಳಲ್ಲಿ ಸಾವಿರಾರು ವರ್ಷಗಳಿಂದ ಜನ ಓಡಾಡಿದ್ದಾರೆ. ಅಲ್ಲಿಯ ಪುಟ್ಟ ಚರ್ಚಿನ ಗೋಡೆಯಲ್ಲಿ ಫ್ಲಿಂಟ್ ಕಲ್ಲಿದೆ. ಸುಣ್ಣಕಲ್ಲಿನೊಳಗೇ ಗೆಡ್ಡೆ ಗೆಡ್ಡೆಯಾಗಿ ಸಿಗುವ ಗಟ್ಟಿ ಕಲ್ಲು ಅದು. ಹೊರಗೆ ಬಿಳಿ ಸಿಪ್ಪೆ, ಒಡೆದರೆ ಒಳಗೆ ಗಾಜಿನ ಹಾಗೆ ಕರ್ರಗೆ ಮಿಂಚುತ್ತದೆ. ಅಂಗಳದ ತುಂಬ ಸ್ನೋಡ್ರಾಪ್ ಹೂಗಳು ಆಗಷ್ಟೇ ತಲೆ ಎತ್ತಿದ್ದವು. ಮೇಲೆ ಕವಲು ಬಾಲದ ಕೆಂಪು ಹದ್ದುಗಳು. ಇಲ್ಲಿ ಅಳಿದೇ ಹೋಗಿದ್ದ ಇವುಗಳನ್ನು 1989ರಿಂದ ಸ್ಪೇನ್‌ನಿಂದ ತಂದು ಬಿಟ್ಟರು. ಈಗ ತಲೆ ಎತ್ತಿದರೆ ಒಂದಾದರೂ ಕಾಣುತ್ತದೆ.

ಗುಡ್ಡದ ನೆತ್ತಿಯಲ್ಲಿ ಸುಣ್ಣಕಲ್ಲಿನ ಮೇಲೆ ಜೇಡಿಮಣ್ಣಿನ ಪದರ. ಚಳಿಗಾಲದಲ್ಲಿ ಈ ಕೆಸರಿನದೇ ಕಾಟ. ಒಂದೊಂದು ಬೂಟಿಗೆ ಅರ್ಧ ಕೆಜಿ ಮಣ್ಣು ಮೆತ್ತಿಕೊಳ್ಳುತ್ತದೆ. ನಫೀಲ್ಡ್ ತಲುಪುವಷ್ಟರಲ್ಲಿ ಮಾವನವರ ಮಂಡಿ ಸಾಕು ಅಂದಿತು. ಹೆಂಡತಿ ಕಾರು ತಂದಳು, ಸ್ಟೋಕ್ ರೋಗೆ ಅದರಲ್ಲೇ ಹೋದೆವು.

ಸ್ಟೋಕ್ ರೋ ಗುಡ್ಡದ ಮೇಲಿನ ಊರು. ಅಂದರೆ ನೀರಿಲ್ಲದ ಊರು. ಮಳೆ ನೀರು, ಹೊಂಡದ ಕೊಳಕು ನೀರು, ಇಷ್ಟೇ ಅವರ ಪಾಲಿಗಿದ್ದದ್ದು. ಪಕ್ಕದ ಇಪ್ಸ್‌ಡೆನ್‌ನ ಎಡ್ವರ್ಡ್ ಆಂಡರ್ಡನ್ ರೀಡ್ ಉತ್ತರ ಭಾರತದಲ್ಲಿ ಕಂಪನಿಯ ಅಧಿಕಾರಿಯಾಗಿದ್ದ. ಅಲ್ಲಿ ಆಜಂಗಢದಲ್ಲಿ ಊರವರಿಗೆ ಬಾವಿ ತೋಡಿಸಿಕೊಟ್ಟಿದ್ದ. ತನ್ನೂರ ಕಡೆಯ ಕಥೆಯನ್ನೂ ಕಾಶಿಯ ಮಹಾರಾಜ ಈಶ್ವರಿ ಪ್ರಸಾದ ನಾರಾಯಣ ಸಿಂಗರಿಗೆ ಹೇಳಿದ್ದನಂತೆ: ಮನೆಯಲ್ಲಿದ್ದ ಕೊನೆಯ ನೀರು ಕುಡಿದದ್ದಕ್ಕೆ ತಾಯಿ ಮಗನಿಗೆ ಹೊಡೆದ ಕಥೆ. ಮಹಾರಾಜರು ಅದನ್ನು ಮರೆಯಲಿಲ್ಲ. ತಮ್ಮ ದುಡ್ಡಿನಲ್ಲಿ ಇಲ್ಲಿ ಬಾವಿ ತೋಡಿಸಿದರು. 1863ರಲ್ಲಿ ಶುರುವಾದ ಕೆಲಸ, 1864ರಲ್ಲಿ ಊರಿಗೆ ಬಿಟ್ಟುಕೊಟ್ಟರು. ನಾಲ್ಕಡಿ ಅಗಲ, 368 ಅಡಿ ಆಳ. ಎಲ್ಲ ಕೈಯಲ್ಲೇ ತೋಡಿದ್ದು. 1857 ಕಳೆದು ಆರೇ ವರ್ಷ ಆಗಿತ್ತು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಹುಲ್ಲಿನಂಗಳದ ನಡುವೆ ಕಂಬಗಳ ಮೇಲೊಂದು ಗುಮ್ಮಟ. ಅದರಡಿ ನೀರು ಸೇದುವ ಕಬ್ಬಿಣದ ಯಂತ್ರ, ಯಂತ್ರದ ಮೇಲೆ ಚಿನ್ನದ ಬಣ್ಣದ ಆನೆ. ಬಕೆಟ್ ಮೇಲೆ ಬರಲು ಹತ್ತು ನಿಮಿಷ ಹಿಡಿಯುತ್ತಿತ್ತಂತೆ.

"ಎಷ್ಟು ಅಡಿ ಅಂದ್ರಿ?"

"368, ಮಾವ."

"ಅಷ್ಟಕ್ಕೇ ನೀರು ಬಂತಾ! ನಮ್ಮ ಕಡೆ ಸಾವಿರದಿನ್ನೂರು ಅಡಿ ಬೋರ್ ಹಾಕ್ಸಿದ್ರೂ ಬರೀ ಧೂಳು." ಅಂದವರು ಯಂತ್ರದ ಹಲ್ಲುಚಕ್ರ ನೋಡುತ್ತ ಒಂದು ಸುತ್ತು ಬಂದರು. ಮಣ್ಣು ಹೇಗೆ ಮೇಲಕ್ಕೆ ಎತ್ತಿದರು, ಒಳಗೆ ಗಾಳಿ ಹೇಗೆ, ಬದಿ ಕುಸಿಯಲಿಲ್ಲವಾ ಅಂತ ಸಾಲು ಸಾಲು ಪ್ರಶ್ನೆ. ಪಕ್ಕದ ಜಾಗದ ಹೆಸರು ಈಶ್ರೀ ಬಾಗ್. ಹಣ್ಣು ಮಾರಿ ಬಾವಿಯ ಖರ್ಚಿಗೆ ದುಡ್ಡು ಬರಲಿ ಅಂತ ರೀಡ್ ಅಲ್ಲಿ ಚೆರ್ರಿ ತೋಟ ಹಾಕಿಸಿದ್ದ. ಮೀನಿನ ಆಕಾರದ ಹೊಂಡವೂ ಇದೆ, ಹೆಸರು ಮಚ್ಲೀ ಪೋಖ್ರಾ. ಮಾವನವರಿಗೆ ಬಾವಿಗಿಂತ ಚೆರ್ರಿ ತೋಟದ ಲೆಕ್ಕಾಚಾರವೇ ಹಿಡಿಸಿತು. ರಿಪೇರಿಗೆ ದುಡ್ಡಿಲ್ಲದೆ ನಿಂತ ತಮ್ಮೂರಿನ ಶುದ್ಧ ನೀರಿನ ಘಟಕದ ಕಥೆ ಕಾರು ಹತ್ತುವವರೆಗೂ ನಡೆಯಿತು.

ಬರುವವರಿಗೆ ಎರಡು ಮಾತು. ಜನವರಿಯಲ್ಲಿ ನಾಲ್ಕೂವರೆ, ಐದಕ್ಕೆಲ್ಲ ಕತ್ತಲು, ಬೆಳಿಗ್ಗೆಯೇ ಹೊರಡಿ. ಬೂಟು ಚೆನ್ನಾಗಿರಲಿ, ಕಾರಿನಲ್ಲಿ ಇನ್ನೊಂದು ಜೊತೆ ಇಟ್ಟುಕೊಳ್ಳಿ. ಸಸ್ಯಾಹಾರಿಗಳಿಗೆ ಪಬ್‌ಗಳಲ್ಲಿ ಬಿಸಿ ಸೂಪು, ಬ್ರೆಡ್ಡು ಸಾಮಾನ್ಯವಾಗಿ ಸಿಗುತ್ತದೆ. ಖಾರ ಮಾತ್ರ ಇರುವುದಿಲ್ಲ, ಉಪ್ಪಿನಕಾಯಿ ಜೇಬಲ್ಲಿರಲಿ.