ಉಡುಪಿಯಲ್ಲಿ ಒಂದು ದಿನ: ಬೆಳಿಗ್ಗೆ ದ್ವೀಪ, ಸಂಜೆ ರಥಬೀದಿ

ಉಡುಪಿ ಅಂದರೆ ಮಠ, ಊಟ, ಆಮೇಲೆ ಮಲ್ಪೆಯಲ್ಲಿ ಕಾಲು ಒದ್ದೆ ಮಾಡಿಕೊಂಡು ವಾಪಸ್. ಹೆಚ್ಚಿನವರ ಲೆಕ್ಕ ಇಷ್ಟೇ ಅಲ್ವಾ? ನಡೆಯುವುದು ಇಷ್ಟ, ಕಲ್ಲು, ಹಕ್ಕಿ ಕಂಡರೆ ನಿಂತು ನೋಡುವ ಅಭ್ಯಾಸ ಇದೆ ಅನ್ನುವವರು ಈ ಕ್ರಮವನ್ನು ತಿರುಗಿಸಿ.

ಬೆಳಿಗ್ಗೆಯೇ ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಡಿ. ಪೇಟೆಯಿಂದ ಮಲ್ಪೆಗೆ ಸುಮಾರು 6 ಕಿ.ಮೀ., ಸಿಟಿ ಬಸ್ ಸಾಕು, ಅಲ್ಲಿಂದ ದ್ವೀಪಕ್ಕೆ ಬೋಟ್. ಬಂದರಿನಲ್ಲಿ ಮೀನಿನ ಬೋಟುಗಳ ಮೇಲೆ ಗರುಡಗಳು ಸುತ್ತುತ್ತಿರುತ್ತವೆ, ಕೆಂಪು ಮೈ, ಬಿಳಿ ಕತ್ತು, ದುರ್ಬೀನು ಇಲ್ಲದೆಯೂ ಚೆನ್ನಾಗಿ ಕಾಣುತ್ತವೆ.

ದ್ವೀಪದಲ್ಲಿ ಎಲ್ಲರೂ ಬಂಡೆ ಹತ್ತಿ ಸೆಲ್ಫಿ ತೆಗೆಯುತ್ತಾರೆ. ನೀವು ಸ್ವಲ್ಪ ಬಗ್ಗಿ ಆ ಬಂಡೆಗಳ ಕಲ್ಲುಕಂಬಗಳ ತಲೆ ನೋಡಿ. ಒಂದಕ್ಕೆ ಐದು ಮೂಲೆ, ಪಕ್ಕದ್ದಕ್ಕೆ ಆರು, ಎಲ್ಲೋ ಒಂದಕ್ಕೆ ಏಳು. ಯಾರೂ ಕೆತ್ತಿದ್ದಲ್ಲ. ಲಾವಾ ತಣ್ಣಗಾಗುತ್ತಾ ಕುಗ್ಗಿ, ಬೇಸಿಗೆಯಲ್ಲಿ ಕೆರೆಯ ಕೆಸರು ಒಡೆದ ಹಾಗೆ ಬಿರುಕು ಬಿಟ್ಟು, ಆ ಬಿರುಕು ಕೆಳಗಿನ ತನಕ ಇಳಿದಿದ್ದರಿಂದ ಆದ ಕಂಬಗಳು. ವಯಸ್ಸು ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ್ದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದ ಅನ್ನುವ ಕಥೆಯನ್ನೇ ಎಲ್ಲರೂ ಹೇಳುವುದು, ನನಗಂತೂ ಈ ಕಲ್ಲಿನ ಕಥೆಯೇ ಜಾಸ್ತಿ ರುಚಿ. ಪಾಚಿ ಇರುವಲ್ಲಿ ಕಾಲು ಜಾರುತ್ತದೆ, ಒಳ್ಳೆ ಹಿಡಿತದ ಚಪ್ಪಲಿ ಹಾಕಿ. ನೀರಿನ ಬಾಟಲಿ ಇಟ್ಟುಕೊಳ್ಳಿ. ದಡದ ತುಂಬ ಚಿಪ್ಪುಗಳಿವೆ, ನೋಡಿ ಅಲ್ಲೇ ಬಿಡಿ.

ಬಿಸಿಲು ಇಳಿದ ಮೇಲೆ ಕೃಷ್ಣ ಮಠದ ರಥಬೀದಿ. ಕಾರಿದ್ದರೆ ರಾಜಾಂಗಣದ ಪಾರ್ಕಿಂಗಿನಲ್ಲಿ ಬಿಟ್ಟು ನಡೆದೇ ಬನ್ನಿ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು, ಸುತ್ತ ಅಷ್ಟಮಠಗಳು. ದರ್ಶನದ ಅವಸರ ಇಲ್ಲದಿದ್ದರೆ ಸುಮ್ನೆ ಎರಡು ಸುತ್ತು ಹಾಕಿ. ನಿಲ್ಲಿಸಿಟ್ಟ ರಥದ ಮರದ ಚಕ್ರದ ಪಕ್ಕ ನಿಂತರೆ ಅದರ ಗಾತ್ರ ಗೊತ್ತಾಗುತ್ತದೆ. ಅಜ್ಜ ಅಜ್ಜಿಯರು, ಮಕ್ಕಳು ಹಾರ್ನ್ ಭಯ ಇಲ್ಲದೆ ಓಡಾಡುವ ಜಾಗ ಪೇಟೆಯಲ್ಲಿ ಬೇರೆ ಎಲ್ಲಿದೆ? ಹೊರಗೆ ಕಲ್ಸಂಕದ ಕಡೆ ಕಾಲಿಟ್ಟರೆ ವಾಹನಗಳದ್ದೇ ರಾಜ್ಯ, ರಸ್ತೆ ದಾಟುವುದೇ ಒಂದು ಸಾಹಸ. ಬಸ್ ಸ್ಟ್ಯಾಂಡಿನಿಂದ ಬರುವವರು ಸಂಸ್ಕೃತ ಕಾಲೇಜಿನ ಕಡೆಯ ದಾರಿ ಹಿಡಿಯಿರಿ.

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದ್ವೀಪಕ್ಕೆ ಬೋಟ್ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಉತ್ಸವ, 2024, 2026 ಆಯಿತು, ಮುಂದಿನದು 2028. ಆಗ ರಥಬೀದಿಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ, ರೂಮಂತೂ ಮೊದಲೇ ಬುಕ್ ಮಾಡಿರಬೇಕು.