ಬಿಡುವು ಕೊಡುವ ಮನೆಗಳು

ಲೇಖಕರಿಗೆ ಮತ್ತು ಕಲಾವಿದರಿಗೆ ಸಿಗುವ ಅಂತರರಾಷ್ಟ್ರೀಯ ರೆಸಿಡೆನ್ಸಿ (ಕೆಲಕಾಲ ಉಳಿದು ತಮ್ಮ ಕೆಲಸ ಮಾಡಲು ಕೊಡುವ ವಸತಿ), ಫೆಲೋಶಿಪ್‌ಗಳ ಬಗ್ಗೆ ವಿಚಾರಿಸುವ ಕಿರಿಯ ಬರಹಗಾರರು ಸಾಮಾನ್ಯವಾಗಿ ಎಷ್ಟು ಹಣ ಕೊಡುತ್ತಾರೆ, ಎಷ್ಟು ದಿನ ಇರಬಹುದು ಎಂದು ಕೇಳುತ್ತಾರೆ. ಅದಕ್ಕೂ ಮೊದಲು, ಆತಿಥ್ಯ ನೀಡುವ ಸಂಸ್ಥೆ ನಮ್ಮಿಂದ ಪ್ರತಿಯಾಗಿ ಏನು ಬಯಸುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕೆಂದು ನಾನು ನಂಬಿದ್ದೇನೆ.

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1666ರಲ್ಲಿ, ರೋಮ್‌ನಲ್ಲಿ ಫ್ರೆಂಚ್ ಅಕಾಡೆಮಿ ಆರಂಭವಾದಾಗ ಅಲ್ಲಿ ಉಳಿದುಕೊಳ್ಳುತ್ತಿದ್ದ ಯುವ ಕಲಾವಿದರು ಪ್ರಾಚೀನ ಶಿಲ್ಪಗಳ ಪ್ರತಿಕೃತಿಗಳನ್ನು ದೊರೆಗಾಗಿ ಮಾಡಿಕೊಡಬೇಕಾಗಿತ್ತು. ಇದಕ್ಕೆ ತೀರಾ ವಿರುದ್ಧವಾದ ಕಲ್ಪನೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಲ್ಲಿ ರೂಪುಗೊಂಡಿತು. ಸಂಗೀತ ಸಂಯೋಜಕ ಎಡ್ವರ್ಡ್ ಮ್ಯಾಕ್‌ಡೋವೆಲ್ ಕಾಡಿನೊಳಗಿನ ಒಂದು ಮರದ ಮನೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದರು. ಅಂಥ ಏಕಾಂತ ಬೇರೆಯವರಿಗೂ ಸಿಗಲಿ ಎಂದು ಅವರೂ ಅವರ ಪತ್ನಿ, ಪಿಯಾನೋ ವಾದಕಿ ಮೇರಿಯನ್, ತಮ್ಮ ಜಮೀನನ್ನೇ ಅದಕ್ಕಾಗಿ ಮೀಸಲಿಟ್ಟರು. ಮರುವರ್ಷವೇ ಎಡ್ವರ್ಡ್ ತೀರಿಕೊಂಡರು. ಮೇರಿಯನ್ ವರ್ಷಗಟ್ಟಲೆ ಊರೂರು ಸುತ್ತಿ, ಸಂಗೀತ ಕಛೇರಿ ನೀಡಿ, ಹಣ ಕೂಡಿಸಿ ಆ ಸಂಸ್ಥೆಯನ್ನು ಬೆಳೆಸಿದರು. ಅಲ್ಲಿ ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು, ಒಳಗಿರುವವರ ಕೆಲಸ ಕೆಡದಂತೆ, ಸ್ಟುಡಿಯೋದ ಬಾಗಿಲ ಬಳಿ ಇಟ್ಟುಹೋಗುವ ರೂಢಿಯಿದೆ. ಸ್ಟುಡಿಯೋದೊಳಗೆ ಹಿಂದೆ ಅಲ್ಲಿ ದುಡಿದವರ ಸಹಿಗಳಿರುವ ಮರದ ಹಲಗೆಗಳಿರುತ್ತವೆ. ಬರೆದು ಮುಗಿಸಿದ ಪುಟಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಒಬ್ಬ ಲೇಖಕರ ಮೇಲೆ ಇಡಬಹುದಾದ ಇದಕ್ಕಿಂತ ದೊಡ್ಡ ವಿಶ್ವಾಸ ನನಗೆ ತಿಳಿದಿಲ್ಲ.

ಆದರೆ ಏಕಾಂತ ಎಲ್ಲರಿಗೂ ಒಗ್ಗುವುದಿಲ್ಲ. ಲೇಖಕರು ತಂಗಿ ಬರೆಯುವ, ಹಗಲಿನಲ್ಲಿ ಮೌನ ಪಾಲಿಸುವ ಸ್ಕಾಟ್‌ಲೆಂಡಿನ ಹಾಥಾರ್ನ್‌ಡೆನ್ ಕೋಟೆಮನೆಗೂ, ಪಾಲ್ ಎಂಗಲ್ ಮತ್ತು ಹುವಾಲಿಂಗ್ ನಿಯೆ 1967ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ, ಹಲವು ದೇಶಗಳ ಲೇಖಕರನ್ನು ಒಂದೆಡೆ ಸೇರಿಸಿ ವಾಚನ, ಚರ್ಚೆಗಳಲ್ಲಿ ತೊಡಗಿಸುವ ಕಾರ್ಯಕ್ರಮಕ್ಕೂ ಅಜಗಜಾಂತರವಿದೆ. ಅರ್ಧ ಬರೆದ ಕಾದಂಬರಿ ಕೈಯಲ್ಲಿದ್ದರೆ ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ. ಮುಂದೇನು ಬರೆಯಬೇಕೆಂದು ತೋಚದಿದ್ದಾಗ ಎರಡನೆಯದು ಮೇಲು.

ಅರ್ಜಿಯಲ್ಲಿ ಬಹುಪಾಲು ತೂಕವಿರುವುದು ಬರಹದ ಮಾದರಿಗೆ, ಕೆಲವೇ ಪುಟಗಳಿಗೆ. ಇಂಗ್ಲಿಷಿನಲ್ಲಿ ಬರೆಯದವರ ವಿಷಯದಲ್ಲಿ ಆಯ್ಕೆ ಸಮಿತಿ ಓದುವುದು ಹೆಚ್ಚಾಗಿ ಅನುವಾದವನ್ನು. ಆದ್ದರಿಂದ ಅನುವಾದಕರನ್ನು ಕೊನೆಯ ವಾರದಲ್ಲಿ ಹುಡುಕುವುದು, ಅವರ ಹೆಸರು ಬಿಡುವುದು, ಸಂಭಾವನೆ ಕೊಡದಿರುವುದು ಮೂರೂ ಅನ್ಯಾಯ. ಕೊನೆಗೆ ಅದರಿಂದ ನಷ್ಟವಾಗುವುದು ಲೇಖಕರಿಗೇ. ಅನುವಾದಕರಿಗೂ ಇಂಥ ಆಸರೆ ಬೇಕೆಂಬ ಅರಿವಿನಿಂದ 1978ರಲ್ಲಿ ಜರ್ಮನಿಯ ಸ್ಟ್ರಾಲೆನ್ ಎಂಬ ಚಿಕ್ಕ ಊರಿನಲ್ಲಿ ಅನುವಾದಕರದೇ ಒಂದು ನಿವಾಸ ಹುಟ್ಟಿತೆಂಬುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಮಾದರಿಯಾಗಿ ಕಾದಂಬರಿಯ ಮೊದಲ ಅಧ್ಯಾಯವನ್ನೇ ಕಳುಹಿಸಬೇಕಾಗಿಲ್ಲ. ಹಿಂದುಮುಂದಿನ ವಿವರಣೆಯಿಲ್ಲದೆ ತಾನೇ ನಿಲ್ಲಬಲ್ಲ ಭಾಗ ಎಲ್ಲಿದ್ದರೂ ಸರಿ.

ಉದ್ದೇಶಿತ ಕೆಲಸದ ವಿವರಣೆಯಲ್ಲಿ "ನನಗೆ ಪ್ರಶಾಂತ ವಾತಾವರಣ ಬೇಕು" ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಅರ್ಜಿ ಹಾಕಿದ ಎಲ್ಲರಿಗೂ ಅದು ಬೇಕು. ಅದರ ಬದಲು "ತಾಯಿ ಹೇಳುತ್ತಿರುವ ಕಥೆಯನ್ನು ಮೂರನೆಯ ಅಧ್ಯಾಯದಿಂದ ಮಗಳ ಬಾಯಲ್ಲಿ ಹೇಳಿಸಬೇಕಾಗಿದೆ, ಇಡೀ ಕರಡನ್ನು ಮತ್ತೆ ಬರೆಯಬೇಕಾಗಿದೆ" ಎಂದರೆ ಆ ಕೆಲಸಕ್ಕೆ ಸತತ ಸಮಯ ಏಕೆ ಬೇಕೆಂಬುದು ತಾನಾಗಿಯೇ ಮನವರಿಕೆಯಾಗುತ್ತದೆ.

ಉಚಿತ ಎಂಬ ಮಾತನ್ನೂ ಬಿಡಿಸಿ ಓದಬೇಕು. ಊಟ, ವಸತಿ ಉಚಿತವಾಗಿದ್ದರೂ ವಿಮಾನದ ಟಿಕೆಟ್, ವೀಸಾ, ವಿಮೆ, ಆ ಅವಧಿಯಲ್ಲಿ ಕೈತಪ್ಪುವ ಸಂಬಳ ಇವೆಲ್ಲ ಯಾರ ಪಾಲಿಗೆ ಬರುತ್ತವೆ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಎಳೆಯ ಮಕ್ಕಳಿರುವವರು ಮಕ್ಕಳೊಂದಿಗೆ ಬರಬಹುದೇ ಎಂದು ಸಂಕೋಚಪಡದೆ ಬರೆದು ಕೇಳಬೇಕು. ಮಕ್ಕಳಿಗೆ ಅವಕಾಶವಿರುವ ಮನೆಗಳು ಇಂದಿಗೂ ಕಡಿಮೆ, ಮತ್ತು ಆ ಕಾರಣಕ್ಕೇ ಅರ್ಜಿಯನ್ನೂ ಹಾಕದೆ ಉಳಿದುಬಿಡುವವರಲ್ಲಿ ತಾಯಂದಿರೇ ಹೆಚ್ಚೆಂಬುದು ನಾನು ಕಂಡ ಮಟ್ಟಿಗೆ ನಿಜ.