ಸೋಲಾರ್‌ಗೆ ಮೇಂಟೆನೆನ್ಸ್ ಏನಿರುತ್ತೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಮನೆ ಹೆಸರಘಟ್ಟದ ಕಡೆ. ಬೆಸ್ಕಾಂ ಕಂಬ ನಮ್ಮ ಸೈಟಿನಿಂದ ದೂರ ಇತ್ತು. ಹಾಗಾಗಿ ಮನೆ ಕಟ್ಟುವಾಗಲೇ ಪೂರ್ತಿ ಸೋಲಾರ್ ಅಂತ ತೀರ್ಮಾನ ಮಾಡಿದೆವು. ಲೈನ್ ಇಲ್ಲ, ಮೀಟರ್ ಇಲ್ಲ, ಬಿಲ್ ಇಲ್ಲ. ಇದನ್ನು ಹೇಳಿದ ತಕ್ಷಣ ನೆಂಟರು, ಆಫೀಸಿನವರು ಎಲ್ಲರೂ ಕೇಳುವುದು ಒಂದೇ ಮಾತು: "ಸೋಲಾರ್‌ಗೆ ಮೇಂಟೆನೆನ್ಸ್ ಏನಿರುತ್ತೆ? ಒಂದ್ಸಲ ಹಾಕಿಸಿದ್ರೆ ಮುಗೀತು ಅಲ್ವಾ?"

ಈ ಪ್ರಶ್ನೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಬೆಂಗಳೂರಿನವರಿಗೆ ಸೋಲಾರ್ ಅಂದರೆ ಮೊದಲು ನೆನಪಾಗುವುದು ತಾರಸಿ ಮೇಲಿನ ಬಿಸಿನೀರಿನ ಟ್ಯಾಂಕು. ಅದನ್ನು ಹಾಕಿಸಿದ ಮೇಲೆ ವರ್ಷಗಟ್ಟಲೆ ಯಾರೂ ಹತ್ತಿ ನೋಡುವುದಿಲ್ಲ. ಈಚೆಗೆ ಹಾಕಿಸುವ ಆನ್‌ಗ್ರಿಡ್, ಅಂದರೆ ಲೈನಿಗೆ ಜೋಡಿಸಿದ, ಪ್ಯಾನಲ್‌ಗಳದ್ದೂ ಹೆಚ್ಚುಕಮ್ಮಿ ಅದೇ ಕಥೆ. ಬಿಸಿಲು ಕಮ್ಮಿಯಾದರೆ ಬೆಸ್ಕಾಂ ಲೈನ್ ಇದ್ದೇ ಇದೆ. ನಮಗೆ ಆ ಆಸರೆ ಇಲ್ಲ. ಹಗಲು ಕೂಡಿಟ್ಟಿದ್ದನ್ನೇ ರಾತ್ರಿ ಖರ್ಚು ಮಾಡಬೇಕು. ಕೂಡಿಡುವ ಜಾಗ ಬ್ಯಾಟರಿ. ಪ್ಯಾನಲ್‌ಗೆ ಕಂಪನಿಯವರೇ ಸಾಮಾನ್ಯವಾಗಿ 25 ವರ್ಷದ ಮಾತು ಕೊಡುತ್ತಾರೆ. ಬ್ಯಾಟರಿ ಹಾಗಲ್ಲ, ನೋಡಿಕೊಂಡಷ್ಟು ದಿನ ಬಾಳುತ್ತದೆ.

ಹಾಗಾಗಿ ನನ್ನ ಉತ್ತರ ಇದು: ಪ್ಯಾನಲ್‌ಗೆ ಕೆಲಸ ಕಮ್ಮಿ, ಬ್ಯಾಟರಿಗೆ ದಿನಾ ಒಂದು ನಿಮಿಷ. ಆ ಒಂದು ನಿಮಿಷ ಬೆಳಗ್ಗೆ, ಪ್ಯಾನಲ್ ಮೇಲೆ ಬಿಸಿಲು ಬೀಳುವ ಮೊದಲು.

ನಮ್ಮದು 330 ವ್ಯಾಟಿನ ಆರು ಪ್ಯಾನಲ್, ಸುಮಾರು 2 ಕಿಲೋವ್ಯಾಟ್. ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಲೆಕ್ಕ ಹಿಡಿಯುತ್ತಾರೆ. ಬ್ಯಾಟರಿ 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ (ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ), ಒಟ್ಟು ನಾಲ್ಕು. ಎರಡೆರಡನ್ನು ಸೀರೀಸ್‌ನಲ್ಲಿ ಸೇರಿಸಿ 24 ವೋಲ್ಟ್ ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್‌ನಲ್ಲಿ ಕೂಡಿಸಿದ್ದೇವೆ, ಅಂದರೆ ಎರಡೂ ಜೋಡಿ ಲೋಡನ್ನು ಹಂಚಿಕೊಳ್ಳಬೇಕು. ಕಾಗದದ ಮೇಲೆ 7.2 ಯೂನಿಟ್. ಅದರಲ್ಲಿ ಅರ್ಧ ಮಾತ್ರ ನಮ್ಮದು ಅಂದುಕೊಳ್ಳಬೇಕು. ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಬೇಗ ಕರಗುತ್ತದೆ.

ಮಧ್ಯಾಹ್ನ ಯಾಕೆ ನೋಡಬಾರದು ಅಂತ ಕೇಳಬಹುದು. ನೋಡಿ, ಆದರೆ ನಂಬಬೇಡಿ. ಹತ್ತು ಗಂಟೆಗೆ ಡಿಸ್‌ಪ್ಲೇ 27 ವೋಲ್ಟ್ ತೋರಿಸುತ್ತಿರುತ್ತದೆ. ಅದು ಚಾರ್ಜ್ ಕಂಟ್ರೋಲರ್ (ಪ್ಯಾನಲ್ಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ ಪೆಟ್ಟಿಗೆ) ಒತ್ತುತ್ತಿರುವ ವೋಲ್ಟೇಜು, ಬ್ಯಾಟರಿಯ ಒಳಗಿರುವುದಲ್ಲ. ಇನ್ವರ್ಟರಿನಲ್ಲಿ ಕಾಣುವ ಶೇಕಡಾ ಲೆಕ್ಕವೂ ಎಷ್ಟೋ ಮಾಡೆಲ್‌ಗಳಲ್ಲಿ ಇದೇ ವೋಲ್ಟೇಜಿನಿಂದ ಅಂದಾಜು ಮಾಡಿದ್ದು.

ಇನ್ನೊಂದು ಗಾಬರಿ ಇದೆ. ಇದಕ್ಕಾಗಿಯೇ ನನಗೆ ಜಾಸ್ತಿ ಫೋನ್ ಬರುತ್ತದೆ. "ಎರಡು ಗಂಟೆ, ಸುಡು ಬಿಸಿಲು, ಆ್ಯಪ್‌ನಲ್ಲಿ ಬರೀ 150 ವ್ಯಾಟ್ ತೋರಿಸ್ತಿದೆ. ಪ್ಯಾನಲ್ ಹೋಯ್ತಾ?" ಹೋಗಿಲ್ಲ. ಬ್ಯಾಟರಿ ತುಂಬಿದೆ, ಮನೆಯಲ್ಲಿ ಬೇರೆ ಖರ್ಚಿಲ್ಲ, ಹಾಗಾಗಿ ಕಂಟ್ರೋಲರ್ ತಾನೇ ತಗ್ಗಿಸಿದೆ. ಆಗ ಮಿಕ್ಸಿ, ವಾಷಿಂಗ್ ಮೆಷಿನ್ ಹಾಕಿ ನೋಡಿ, ಅದೇ ಪ್ಯಾನಲ್ ಕ್ಷಣದಲ್ಲಿ ಸಾವಿರ ದಾಟುತ್ತದೆ. ನಮ್ಮಂಥ ಲೈನಿಲ್ಲದ ಆಫ್‌ಗ್ರಿಡ್ ಮನೆಯಲ್ಲಿ ಇವತ್ತು ಎಷ್ಟು ಯೂನಿಟ್ ಬಂತು ಅನ್ನುವ ಅಂಕಿ ಪ್ಯಾನಲ್ಲಿನ ಆರೋಗ್ಯ ಹೇಳುವುದಿಲ್ಲ. ನೀವು ಎಷ್ಟು ಬಳಸಿದಿರಿ ಅನ್ನುವುದೂ ಅದರಲ್ಲಿ ಬೆರೆತಿರುತ್ತದೆ.

ಬೆಳಗಿನ ಹೊತ್ತು ಇದ್ಯಾವುದೂ ಅಡ್ಡ ಬರುವುದಿಲ್ಲ. ಚಾರ್ಜಿಂಗ್ ಇಲ್ಲ, ರಾತ್ರಿ ಖರ್ಚೆಲ್ಲ ಆಗಿದೆ, ಫ್ರಿಜ್ ಬಿಟ್ಟರೆ ಲೋಡಿಲ್ಲ. 12 ವೋಲ್ಟಿನ ಒಂದು ಬ್ಯಾಟರಿ ಸುಮ್ನೆ ಇದ್ದಾಗ 12.6ರ ಮೇಲಿದ್ದರೆ ತುಂಬಿದೆ ಅಂತ, 12.2ರ ಹತ್ತಿರ ಇದ್ದರೆ ಅರ್ಧ ಅಂತ ಅರ್ಥ. ನಮ್ಮಲ್ಲಿ ಎರಡು ಸೇರಿ ಬೆಳಗ್ಗೆ ಸಾಮಾನ್ಯವಾಗಿ 24.7 ಇರುತ್ತದೆ. ಬೆಳಗ್ಗೆ ಮೊದಲು ಏಳುವುದು ಅಮ್ಮ. ಅವರೇ ಮಲ್ಟಿಮೀಟರ್ ಹಿಡಿದು ನೋಡುತ್ತಾರೆ, ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಬರೆಯುತ್ತಾರೆ. ಮೊದಲು ಅದೇ ಚೌಕದಲ್ಲಿ ಹಾಲಿನ ಲೆಕ್ಕ ಇರುತ್ತಿತ್ತು. ಈಗ ಹಾಲಿನ ಕೆಳಗೆ ವೋಲ್ಟು.

ಆ ಕ್ಯಾಲೆಂಡರೇ ನಮ್ಮ ಬ್ಯಾಟರಿ ಉಳಿಸಿತು. ಒಂದು ಜುಲೈ ತಿಂಗಳಲ್ಲಿ ಅಂಕಿ ಇಳಿಯತೊಡಗಿತು. 24.7, 24.6, ಎರಡು ದಿನ ಬಿಟ್ಟು 24.5. ನಾನು ಮೋಡದ ಮೇಲೆ ಹಾಕಿದೆ. ಬೆಂಗಳೂರಿನ ಜುಲೈ ಗೊತ್ತಲ್ಲ, ಮಳೆ ಬರಲಿ ಬಿಡಲಿ, ದಿನವಿಡೀ ಮೋಡ ಮುಚ್ಚಿಕೊಂಡಿರುತ್ತದೆ. ಆಮೇಲೆ ನಾಲ್ಕು ದಿನ ಒಳ್ಳೆ ಬಿಸಿಲು ಬಂತು. ಆದರೂ ಅಂಕಿ ಮೇಲೇಳಲಿಲ್ಲ, 24.3ಕ್ಕೆ ಬಂತು. ಅಮ್ಮ ಕ್ಯಾಲೆಂಡರ್ ಮುಂದೆ ನಿಲ್ಲಿಸಿ, "ಮೋಡ ಹೋಯ್ತಲ್ಲಪ್ಪ, ಇದು ಇನ್ನೂ ಇಳೀತಾನೇ ಇದೆ" ಅಂದರು.

ಆ ಭಾನುವಾರ ಹೈಡ್ರೋಮೀಟರ್ ತಗೊಂಡು ಕೂತೆ. ಅದು ಆಸಿಡ್ಡಿನ ಸಾಂದ್ರತೆ ಅಳೆಯುತ್ತದೆ, ಅಂಕಿ ಹೆಚ್ಚಿದ್ದಷ್ಟೂ ಚಾರ್ಜ್ ಹೆಚ್ಚು. ಒಂದು ಬ್ಯಾಟರಿಗೆ ಆರು ಸೆಲ್, ನಾಲ್ಕಕ್ಕೆ ಇಪ್ಪತ್ನಾಲ್ಕು. ಒಂದೊಂದರಿಂದಲೂ ಆಸಿಡ್ ಎಳೆದು ನೋಡಿ ಬರೆದುಕೊಂಡೆ. ಒಂದೇ ಸೆಲ್ ಕೆಳಗಿದ್ದರೆ ಆ ಬ್ಯಾಟರಿ ಕೆಡುತ್ತಿದೆ ಅಂತ ಅರ್ಥ. ಹಾಗಿರಲಿಲ್ಲ. ಮೊದಲ ಜೋಡಿಯ ಎಲ್ಲ ಸೆಲ್ಲೂ 1170ರ ಹತ್ತಿರ, ಎರಡನೇ ಜೋಡಿಯದ್ದು ಎಲ್ಲವೂ 1220ರ ಹತ್ತಿರ. ಅಂದರೆ ಒಂದು ಜೋಡಿ ದುಡಿದು ಸುಸ್ತಾಗಿದೆ, ಇನ್ನೊಂದು ಕೂತಿದೆ. ಸಂಜೆ ಲೋಡ್ ಇದ್ದಾಗ, ತಂತಿ ಬಿಚ್ಚದೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದೆ: ಒಂದರಲ್ಲಿ 16 ಆಂಪಿಯರ್, ಇನ್ನೊಂದರಲ್ಲಿ ಬರೀ 4. (ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಡಿಸಿ ಕರೆಂಟ್ ಅಳೆಯುತ್ತಾ ಅಂತ ಕೇಳಿಯೇ ತಗೊಳ್ಳಿ. ಕಮ್ಮಿ ಬೆಲೆಯ ಎಷ್ಟೋ ಮೀಟರುಗಳು ಎಸಿ ಮಾತ್ರ ಅಳೆಯುತ್ತವೆ.)

ಎರಡನೇ ಜೋಡಿಯ ನಡುವಿನ ಕೇಬಲ್ಲಿನ ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೆಳಗೆ ಟಾರ್ಚ್ ಹಿಡಿದೆ. ಮೇಲಿಂದ ಎಲ್ಲ ನೆಟ್ಟಗಿತ್ತು. ಕೆಳಗಡೆ, ನಟ್ಟಿಗೂ ಲಗ್ಗಿಗೂ ಮಧ್ಯೆ, ಹಸಿರು ಮಿಶ್ರಿತ ಬಿಳಿ ಪುಡಿ ಹೂವಿನ ಹಾಗೆ ಅರಳಿಕೊಂಡಿತ್ತು. ಲಗ್ ಕೈಗೆ ಬೆಚ್ಚಗೆ ತಾಗಿತು. ಆ ಪುಡಿಯೇ ಕರೆಂಟಿಗೆ ಅಡ್ಡ ನಿಂತಿತ್ತು.

ಬಿಚ್ಚುವ ಮೊದಲು ಒಂದು ಕ್ರಮ ಇದೆ, ಇದನ್ನು ದಯವಿಟ್ಟು ತಪ್ಪಿಸಬೇಡಿ. ಮೊದಲು ಮನೆಯ ಲೋಡ್ ಆಫ್, ಆಮೇಲೆ ಪ್ಯಾನಲ್ಲಿನ ಎಂಸಿಬಿ ಸ್ವಿಚ್ ಆಫ್, ಕೊನೆಗೆ ಬ್ಯಾಟರಿ. ಪ್ಯಾನಲ್ ಆನ್ ಇರುವಾಗಲೇ ಬ್ಯಾಟರಿ ಬಿಚ್ಚಿದರೆ ಕಂಟ್ರೋಲರ್ ಸುಟ್ಟು ಹೋಗಬಹುದು. ಉಂಗುರ, ಬಳೆ, ವಾಚು ತೆಗೆದಿಡಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದಕ್ಕೇ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಊದುಬತ್ತಿ ಬೇಡ. ನಾನು ಸೆಲ್ ಮುಚ್ಚಳ ಬಿಗಿ ಮಾಡಿ, ಬಿಸಿನೀರಿಗೆ ಅಡುಗೆ ಸೋಡಾ ಕದಡಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ನೊರೆ ಬಂದು ನಿಂತಿತು. ಸೋಡಾ ನೀರು ಸೆಲ್ ಒಳಗೆ ಒಂದು ಹನಿಯೂ ಇಳಿಯಬಾರದು. ಒರೆಸಿ, ಲಗ್ಗನ್ನು ಉಪ್ಪು ಕಾಗದದಲ್ಲಿ ತಿಕ್ಕಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಮರುದಿನ ಸಂಜೆ ಎರಡೂ ಜೋಡಿ ಹತ್ತತ್ತು ಆಂಪಿಯರ್. ವಾರದೊಳಗೆ ಕ್ಯಾಲೆಂಡರಿನಲ್ಲಿ 24.7 ಬಂತು. ಇನ್ನೆರಡು ತಿಂಗಳು ಬಿಟ್ಟಿದ್ದರೆ ಮೊದಲ ಜೋಡಿ ಸಾಯುತ್ತಿತ್ತು.

ಉಳಿದ ಕೆಲಸ ಸಣ್ಣದು. ಡಿಸ್ಟಿಲ್ಡ್ ವಾಟರ್ ನಾವು ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ, ಬೇರೆ ಕಾಲದಲ್ಲಿ ಮೂರಕ್ಕೊಮ್ಮೆ ಹಾಕುತ್ತೇವೆ, ಅದೂ ಚಾರ್ಜ್ ತುಂಬಿದ ಮೇಲೆ. ಮನೆಯ ಆರ್‌ಓ ನೀರು ಡಿಸ್ಟಿಲ್ಡ್ ವಾಟರ್ ಅಲ್ಲ, ಹಾಕಬೇಡಿ. ಪ್ಯಾನಲ್ ತೊಳೆಯುವುದು ಬೆಳ್ಳಂಬೆಳಗ್ಗೆ, ಗಾಜು ತಣ್ಣಗಿರುವಾಗ. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಬಿಡುತ್ತದೆ. ಹಾಗಾಗಿ ಹಿಡಿದಿಟ್ಟ ಮಳೆನೀರು ಬಳಸುತ್ತೇವೆ. ಎಲ್ಲ ಕಡೆ ತೆಳ್ಳಗೆ ಕೂತ ಧೂಳಿಗಿಂತ ಒಂದೇ ಕಡೆ ಬಿದ್ದ ಪಾರಿವಾಳದ ಹಿಕ್ಕೆ ಕೆಟ್ಟದ್ದು. ಪ್ಯಾನಲ್ಲಿನ ಆ ಮುಚ್ಚಿದ ಸೆಲ್ ಬಿಸಿಯಾಗುತ್ತದೆ.

ಪ್ಯಾನಲ್ ಮೇಲೆ ಬೀಳುವ ನೆರಳನ್ನು ಮಾತ್ರ ವರ್ಷಕ್ಕೆ ಎರಡು ಸಲ ನೋಡಿ, ಜೂನಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ಸೂರ್ಯ ನೆತ್ತಿಗೇ ಬರುತ್ತಾನೆ. ಅದನ್ನೇ ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಆ ಎರಡರ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರಿನಲ್ಲಿ ಉತ್ತರಕ್ಕೆ, ಅದೂ ಉದ್ದಕ್ಕೆ. ಜೂನಿನಲ್ಲಿ ಏನೂ ಮಾಡದ ತೆಂಗಿನ ಮರ ಡಿಸೆಂಬರಿನಲ್ಲಿ ಎರಡು ಪ್ಯಾನಲ್ ಮುಚ್ಚಬಹುದು.

ಲಿಥಿಯಂ ಬ್ಯಾಟರಿ ಇರುವವರಿಗೆ ನನ್ನ ಬೆಳಗಿನ ಅಂಕಿ ಕೆಲಸಕ್ಕೆ ಬರುವುದಿಲ್ಲ. ಅದರ ವೋಲ್ಟೇಜ್ ಖಾಲಿಯಾಗುವ ಹೊತ್ತಿನವರೆಗೂ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುತ್ತದೆ. ಒಳಗೆ ಹೋದ, ಹೊರಗೆ ಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಬೇಕು. ಬರೆಯುವ ಹೊತ್ತು ಮಾತ್ರ ಅದೇ ಇರಲಿ, ಬೆಳಗ್ಗೆ.

ನಮ್ಮ ಮನೆಯಲ್ಲಿ ದಿನದ ಕೆಲಸವೂ ಈ ಅಂಕಿ ನೋಡಿಯೇ ಹೊಂದುತ್ತದೆ. 24.6 ಇದ್ದರೆ ಹನ್ನೊಂದಕ್ಕೆ ಗ್ರೈಂಡರ್‌ನಲ್ಲಿ ಇಡ್ಲಿ ಹಿಟ್ಟು, ಆಮೇಲೆ ಪಂಪು. 24.4 ಇದ್ದರೆ ಎರಡರಲ್ಲಿ ಒಂದು. ಅದಕ್ಕಿಂತ ಕೆಳಗಿದ್ದು ಮೋಡವೂ ಇದ್ದರೆ ಎರಡೂ ನಾಳೆಗೆ, ಅವತ್ತು ಅವಲಕ್ಕಿ. ಊರಿಗೆ ಹೋಗುವಾಗ ಫ್ರಿಜ್ ಖಾಲಿ ಮಾಡಿ ಇನ್ವರ್ಟರ್ ಆಫ್ ಮಾಡುತ್ತೇವೆ, ಪ್ಯಾನಲ್ ಮಾತ್ರ ಆನ್ ಇರುತ್ತದೆ. ವಾಪಸ್ ಬಂದ ಮರುದಿನ ಬೆಳಗ್ಗೆ ಅಮ್ಮ ಚೀಲ ಬಿಚ್ಚುವ ಮೊದಲು ಮೀಟರ್ ತಗೊಳ್ಳುತ್ತಾರೆ.